ಜರ್ಮನಿಯ ಪುಡಿ, ಮೈಸೂರಿನ ನೀರು

ವಿದೇಶದಿಂದ ಬಂದವರ ಸೂಟ್‌ಕೇಸಿನಲ್ಲಿ ಏನೇನಿರುತ್ತದೆ ಎಂದು ನಮ್ಮ ಮಕ್ಕಳಿಗೆ ಬಾಯಿಪಾಠವಾಗಿದೆ. ಮೇಲೆ ಚಾಕೊಲೇಟು, ಅದರ ಕೆಳಗೆ ಸೆಂಟು, ಅಡಿಯಲ್ಲಿ ತಾತನಿಗೊಂದು ಸ್ವೆಟರು. ಮೈಸೂರಿನ ಚಳಿಗೆ ಆ ಸ್ವೆಟರು ವರ್ಷಕ್ಕೆ ಎರಡು ದಿನ ಕೆಲಸಕ್ಕೆ ಬರುತ್ತದೆ. ಆದರೆ ಬಟ್ಟೆ ಒಗೆಯುವ ಪುಡಿಯನ್ನು ಏಳು ಸಮುದ್ರದಾಚೆಯಿಂದ ಹೊತ್ತು ತಂದವರನ್ನು ನಾನು ಕಂಡದ್ದು ಈ ಸಲವೇ ಮೊದಲು. ತಂದವಳು ನನ್ನ ಮಗಳು. ಜರ್ಮನಿಯಲ್ಲಿದ್ದಾಳೆ. ವಿಮಾನದವರು ಕೊಡುವ 23 ಕಿಲೋ ತೂಕದಲ್ಲಿ ಒಂದು ಕಿಲೋಗೂ ಮಿಕ್ಕಿ ಸೋಪಿನ ಪುಡಿಗೇ ಖರ್ಚು ಮಾಡಿದ್ದಾಳೆ. “ಅಪ್ಪ, ಒಂದು ಸಲ ಒಗೆದು ನೋಡಿ, ಆಮೇಲೆ ಮಾತಾಡಿ” ಎಂದಳು.

ನಲವತ್ತು ವರ್ಷದ ಹತ್ತಿರ ಬ್ಯಾಂಕಿನ ಲೆಡ್ಜರು ತಿರುವಿದವನಿಗೆ ಇಂಥ ಮಾತನ್ನು ಬರಿಯ ಬಾಯಿಮಾತಿನಲ್ಲಿ ಒಪ್ಪಲು ಆಗುವುದಿಲ್ಲ. ಹಳೆಯ ನೋಟ್ ಪುಸ್ತಕವೊಂದರಲ್ಲಿ ಗೆರೆ ಎಳೆದು ಕಾಲಂ ಹಾಕಿ ಪರೀಕ್ಷೆಗೇ ಇಳಿದೆ. ಸಹಾಯಕ್ಕೆ ಐದನೇ ಕ್ಲಾಸಿನ ಮೊಮ್ಮಗ ಇದ್ದ, ಮಗನ ಮಗ. ಪುಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದು ಅಂಕಣ, ಜಾಹೀರಾತಲ್ಲ.

ಮೊದಲು ಡಬ್ಬದ ಮೇಲೆ ಬರೆದದ್ದನ್ನು ಓದಬೇಕಲ್ಲ? ಎಲ್ಲವೂ ಜರ್ಮನ್ ಭಾಷೆ. ಮೊಮ್ಮಗ ಫೋನನ್ನು ಅದರ ಮುಂದೆ ಹಿಡಿದರೆ ಅಕ್ಷರಗಳು ಕುಣಿದು ಇಂಗ್ಲಿಷಾಗುತ್ತವೆ. ಒಂದು ಪಟ್ಟಿಯಲ್ಲಿ ಮೂರು ಕಾಲಂ ಇತ್ತು: ವೈಷ್, ಮಿಟ್ಟಲ್, ಹಾರ್ಟ್. “ತಾತಾ, ಇಲ್ಲಿ ಹಾರ್ಟ್ ಅಂತಿದೆ, ಹೃದಯ!” ಎಂದು ಅವನು ಕೂಗಿದ. ಫೋನು ಹೇಳಿದ್ದು ಬೇರೆ. ಹಾರ್ಟ್ ಎಂದರೆ ಗಡಸು, ವೈಷ್ ಎಂದರೆ ಮೆದು. ನೀರಿನ ಗಡಸುತನದ ಲೆಕ್ಕ ಅದು. ನಿಮ್ಮ ಊರಿನ ನೀರು ಇಷ್ಟು ಗಡಸಾಗಿದ್ದರೆ ಇಷ್ಟು ಪುಡಿ, ಮೆದುವಾಗಿದ್ದರೆ ಇಷ್ಟೇ ಸಾಕು ಎಂದು ಬರೆದಿದ್ದಾರೆ. ಅಲ್ಲಿ ಪ್ರತಿ ಊರಿನ ನೀರು ಸರಬರಾಜಿನವರೂ ತಮ್ಮ ನೀರು ಈ ಮೂರರಲ್ಲಿ ಯಾವುದು ಎಂದು ಜನರಿಗೆ ತಿಳಿಸುತ್ತಾರೆ.

ಇದು ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಸೋಪಿನ ಪುಡಿಯನ್ನು ಹಾಕುವುದು ಹಿಡಿಯ ಲೆಕ್ಕದಲ್ಲಿ. ಬಟ್ಟೆ ಕೊಳೆಯಾಗಿದ್ದರೆ ಇನ್ನೊಂದು ಹಿಡಿ.

ಅವರ ಅಳತೆಗೆ ಜರ್ಮನ್ ಡಿಗ್ರಿ ಎಂದು ಹೆಸರು. ಒಂದು ಡಿಗ್ರಿ ಎಂದರೆ ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 17.8 ಮಿಲಿಗ್ರಾಂ. 8.4 ಡಿಗ್ರಿಯೊಳಗಿದ್ದರೆ ಮೆದು, 14 ದಾಟಿದರೆ ಗಡಸು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇರಬಹುದು, ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರ ತನಕ ಸಹಿಸಿಕೊಳ್ಳಬಹುದು. ನಮ್ಮ ಬೀದಿಯ ಬೋರ್‌ವೆಲ್ ನೀರನ್ನು ಹಿಂದೊಮ್ಮೆ ಪರೀಕ್ಷೆಗೆ ಕಳಿಸಿದ್ದಾಗ 520 ಎಂದು ಬಂದ ಕಾಗದ ನನ್ನ ಫೈಲಿನಲ್ಲಿತ್ತು. 520ನ್ನು 17.8ರಿಂದ ಭಾಗಿಸಿ ಎಂದೆ. ಮೊಮ್ಮಗ ಲೆಕ್ಕ ಹಾಕಿ 29 ಎಂದ. ಗಡಸು ಎಂಬ ಕಾಲಮ್ಮಿನ ಗಡಿಗೆ ಎರಡರಷ್ಟು!

ನಲ್ಲಿಯಲ್ಲಿ ಬರುವ ಕಾವೇರಿ ನೀರಿಗೆ ಕಾಗದವಿರಲಿಲ್ಲ. ಅದಕ್ಕೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದೆ, ಮಕ್ಕಳೇ, ನೀವೂ ಮಾಡಿ. ಒಂದೇ ಅಳತೆಯ ಎರಡು ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಬೋರ್‌ವೆಲ್ ನೀರು. ಬಟ್ಟೆ ಒಗೆಯುವ ಬಾರ್ ಸೋಪನ್ನು ತುರಿದು ಎರಡಕ್ಕೂ ಒಂದೊಂದು ಚಿಟಿಕೆ ಹಾಕಿ, ಮುಚ್ಚಳ ಬಿಗಿಮಾಡಿ, ಇಪ್ಪತ್ತು ಎಣಿಸುವ ತನಕ ಕುಲುಕಿ. ನಮ್ಮ ನಲ್ಲಿ ನೀರಿನ ಬಾಟಲಿಯಲ್ಲಿ ನೊರೆ ಕತ್ತಿನವರೆಗೂ ಎದ್ದಿತು. ಬೋರ್‌ವೆಲ್ಲಿನದರಲ್ಲಿ ನೊರೆಯೇ ಇಲ್ಲ, ಒಡೆದ ಹಾಲಿನಂತೆ ಬಿಳಿಯ ಗಸಿ ತೇಲಿತು. ನೀರಿನಲ್ಲಿರುವ ಕ್ಯಾಲ್ಸಿಯಂ ಸೋಪನ್ನು ಹಿಡಿದು ಗಸಿ ಮಾಡಿಬಿಡುತ್ತದೆ, ಕೊಳೆ ತೆಗೆಯಲು ಸೋಪು ಉಳಿಯುವುದೇ ಇಲ್ಲ. ಬಿಳಿ ಬನಿಯನ್ನು ಕಾಲಕ್ರಮೇಣ ಬೂದಿ ಬಣ್ಣಕ್ಕೆ ತಿರುಗುವುದಕ್ಕೆ ಇದೂ ಒಂದು ಕಾರಣ. ಡಿಟರ್ಜೆಂಟ್ ಪುಡಿಗಳಿಗೆ ಈ ತೊಂದರೆ ಕಡಿಮೆ. ಜರ್ಮನಿಯ ಡಬ್ಬದಲ್ಲಿ ಜಿಯೊಲೈಟ್ ಎಂಬುದೂ ಇದೆ. ಅದು ನೀರಿನ ಕ್ಯಾಲ್ಸಿಯಮ್ಮನ್ನು ತನ್ನೊಳಗೆ ಎಳೆದುಕೊಂಡು ಬದಲಿಗೆ ಸೋಡಿಯಂ ಕೊಡುತ್ತದೆ. ಹರಿದ ನೋಟು ತೆಗೆದುಕೊಂಡು ಹೊಸ ನೋಟು ಕೊಡುವ ಕೌಂಟರಿನ ಹಾಗೆ.

ಇನ್ನು ಕಲೆಗಳ ಪರೀಕ್ಷೆ. ಅಂಗಡಿಯಿಂದ ಕೋರಾ ಬಟ್ಟೆ ತಂದು ಚೌಕಗಳಾಗಿ ಕತ್ತರಿಸಿದೆವು. ಪ್ರತಿ ತುಂಡಿನ ಮೇಲೂ ಮೂರು ಕಲೆ: ಹುಳಿ, ಕಾಫಿ, ಮಗಳೇ ತಂದಿದ್ದ ಚಾಕೊಲೇಟು. ರಾತ್ರಿಯಿಡೀ ಒಣಗಲು ಬಿಟ್ಟೆವು. ಬೆಳಿಗ್ಗೆ ಮೂರು ಬಕೆಟ್ಟು ಸಾಲಾಗಿ ಇಟ್ಟೆವು. ಒಂದಕ್ಕೆ ನಮ್ಮ ಅಂಗಡಿಯ ಪುಡಿ, ಒಂದಕ್ಕೆ ಜರ್ಮನಿಯ ಪುಡಿ, ಒಂದಕ್ಕೆ ಅಂಟುವಾಳ ಕಾಯಿ ಕುದಿಸಿದ ನೀರು. ಅಂಟುವಾಳ ನಮ್ಮ ಮನೆಯಾಕೆಯ ಅಭ್ಯರ್ಥಿ. “ನಮ್ಮಮ್ಮ ಇದರಲ್ಲೇ ಒಗೀತಿದ್ದರು, ಅವರ ಕಾಲದಲ್ಲಿ ಜರ್ಮನಿ ಎಲ್ಲಿತ್ತು?” ಎಂದಳು. ಜರ್ಮನಿ ಆಗಲೂ ಇತ್ತು ಎಂದು ನಾನು ಹೇಳಲು ಹೋಗಲಿಲ್ಲ.

ಹೇಳಬಹುದಿತ್ತು. ಆ ದೇಶದ ಡ್ಯುಸೆಲ್ಡಾರ್ಫ್ ಊರಿನ ಹೆಂಕೆಲ್ ಕಂಪನಿ ಪರ್ಸಿಲ್ ಎಂಬ ಪುಡಿಯನ್ನು ಮಾರಾಟಕ್ಕಿಟ್ಟದ್ದು 1907ರಲ್ಲಿ. ಪರ್‌ಬೊರೇಟ್ ಮತ್ತು ಸಿಲಿಕೇಟ್ ಎಂಬ ಎರಡು ವಸ್ತುಗಳ ಹೆಸರಿನ ತುಂಡು ಸೇರಿಸಿ ಕಟ್ಟಿದ ಹೆಸರು ಅದು. ಅದಕ್ಕೂ ಮುಂಚೆ ಅಲ್ಲಿನ ಹೆಂಗಸರೂ ಬಟ್ಟೆ ಕುದಿಸಿ, ಉಜ್ಜಿ, ಹುಲ್ಲಿನ ಮೇಲೆ ಹರಡಿ ಬಿಸಿಲಿಗೆ ಬೆಳ್ಳಗಾಗಲು ಬಿಡುತ್ತಿದ್ದರು. ನಮ್ಮ ಮಡಿವಾಳರು ಹೊಳೆದಂಡೆಯಲ್ಲಿ ಮಾಡುತ್ತಿದ್ದದ್ದೂ ಅದನ್ನೇ. ಪರ್‌ಬೊರೇಟು ಬಿಸಿನೀರಿನಲ್ಲಿ ಸಣ್ಣ ಸಣ್ಣ ಆಮ್ಲಜನಕದ ಗುಳ್ಳೆ ಬಿಟ್ಟು ಕಲೆಯ ಬಣ್ಣ ತೆಗೆಯುತ್ತದೆ, ಹಾಗಾಗಿ ಉಜ್ಜುವ ಕೆಲಸ ಇಳಿಯಿತು. ನಮ್ಮ ಡಬ್ಬದ ಹೆಸರು ಬೇರೆ, ಆದರೂ ಆಮ್ಲಜನಕದ ಯುಕ್ತಿ ಅದರಲ್ಲೂ ಇದೆ.

ಪುಡಿ ಕಲಸಿದಾಗಲೇ ಜರ್ಮನಿಗೆ ಅವಮಾನವಾಯಿತು. ಬಟ್ಟೆ ಒಗೆಯಲು ಬರುವ ಹೆಂಗಸು ಬಕೆಟ್ಟಿನೊಳಗೆ ಇಣುಕಿ, “ಇದೇನ್ ಸಾರ್, ನೊರೆನೇ ಇಲ್ಲ! ಡೂಪ್ಲಿಕೇಟ್ ತಂದ್ಬಿಟ್ಟವ್ರೆ ಅಕ್ಕಾವ್ರು” ಎಂದಳು. ನಮಗೆ ನೊರೆ ಬಂದರೇ ಸಮಾಧಾನ. ಆದರೆ ಕೊಳೆ ತೆಗೆಯುವುದು ನೊರೆಯಲ್ಲ. ಅಲ್ಲಿ ಹೆಚ್ಚಿನ ಮನೆಗಳಲ್ಲಿರುವುದು ಮುಂದುಗಡೆ ಬಾಗಿಲಿನ ಮಷೀನು, ಬಟ್ಟೆಯನ್ನು ಎತ್ತಿ ಎತ್ತಿ ಕೆಡವುತ್ತದೆ. ಒಳಗೆ ನೊರೆ ತುಂಬಿದರೆ ಬಟ್ಟೆ ದಿಂಬಿನ ಮೇಲೆ ಬಿದ್ದ ಹಾಗೆ ಮೆತ್ತಗೆ ಬೀಳುತ್ತದೆ, ಕೊಳೆ ಬಿಡುವುದಿಲ್ಲ. ಅದಕ್ಕೇ ಅವರ ಪುಡಿಯಲ್ಲಿ ನೊರೆ ತಗ್ಗಿಸುವ ವಸ್ತುವನ್ನೂ ಸೇರಿಸಿರುತ್ತಾರೆ.

ಅರ್ಧ ಗಂಟೆ ನೆನೆಸಿ, ಒಂದೇ ಸಮ ತಿಕ್ಕಿ, ಜಾಲಿಸಿ ನೋಡಿದರೆ ನಮ್ಮದಕ್ಕೂ ಜರ್ಮನಿಯದಕ್ಕೂ ವ್ಯತ್ಯಾಸ ಹುಡುಕಬೇಕಿತ್ತು. ಅಂಟುವಾಳ ಮೂರನೆಯ ಸ್ಥಾನ. ಮಗಳ ಮುಖ ಸಪ್ಪಗಾಯಿತು. “ತಣ್ಣೀರಲ್ಲಿ ಅದು ಪೂರ್ತಿ ಕೆಲಸ ಮಾಡಲ್ಲಪ್ಪ” ಎಂದಳು. ಮಾತು ನಿಜ. ಎರಡನೆಯ ಸುತ್ತು ನಮ್ಮ ಮಷೀನಿನಲ್ಲಿ 40 ಡಿಗ್ರಿ ಬಿಸಿಯಲ್ಲಿ ನಡೆಯಿತು, ಹೊಸ ತುಂಡುಗಳಿಗೆ. ಈ ಸಲ ಕಾಫಿ, ಚಾಕೊಲೇಟು ಎರಡೂ ಜರ್ಮನಿಯ ಪುಡಿಗೆ ಶರಣು. ನಮ್ಮ ಪುಡಿಯಲ್ಲಿ ಕಾಫಿಯ ಅಂಚು ತೆಳ್ಳಗೆ ಉಳಿಯಿತು. ನೋಟ್ ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡೆ.

ಹುಳಿಯ ಕಲೆ ಮಾತ್ರ ಯಾರಿಗೂ ಬಗ್ಗಲಿಲ್ಲ. ಪುಡಿಯ ನೀರಿಗೆ ಬಿದ್ದ ಕೂಡಲೇ ಹಳದಿ ಕಲೆ ರಕ್ತದ ಹಾಗೆ ಕೆಂಪಗಾಯಿತು. ಮೊಮ್ಮಗ ಗಾಬರಿಯಾದ. ಅಜ್ಜಿ ನಕ್ಕಳು. ಆರತಿಗೆ ಓಕುಳಿ ಕಲಸುವುದು ನೋಡಿಲ್ಲವೇ? ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪು. ಸುಣ್ಣದ ಹಾಗೆ ಒಗೆಯುವ ಪುಡಿಯೂ ಕ್ಷಾರ. ಅಂಟುವಾಳ ಕ್ಷಾರವಲ್ಲ, ಅದರಲ್ಲಿ ಕಲೆ ಹಳದಿಯಾಗಿಯೇ ಇತ್ತು. ಚೆನ್ನಾಗಿ ಜಾಲಿಸಿದ ಮೇಲೆ ಕೆಂಪು ಹೋಗಿ ಮತ್ತೆ ಹಳದಿ ಬಂತು. ಹುಳಿಯ ಎಣ್ಣೆ ಹೋಗಿತ್ತು, ಅರಿಶಿನ ಕೂತಿತ್ತು. ಮೂರೂ ತುಂಡನ್ನು ಮಹಡಿಯ ತಂತಿಗೆ ಹಾಕಿದೆವು. ಎರಡು ದಿನದ ಬಿಸಿಲಿಗೆ ಹಳದಿ ಕಾಣದಷ್ಟು ಮಾಸಿತು. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ನೋಟ್ ಪುಸ್ತಕದಲ್ಲಿ ಸೂರ್ಯನಿಗೊಂದು ಕಾಲಂ ಸೇರಿಸಬೇಕಾಯಿತು.

ಈ ಯಶಸ್ಸು ನೋಡಿ ಮಗಳು ಬೀರುವಿನಿಂದ ಅವಳಮ್ಮನ ಧಾರೆ ಸೀರೆ ತೆಗೆದಳು. 1977ರ ಮೈಸೂರು ರೇಷ್ಮೆ. ನಾಲ್ವಡಿ ಕೃಷ್ಣರಾಜ ಒಡೆಯರು 1912ರಲ್ಲಿ ಮಾಡಿಸಿದ ಕಾರ್ಖಾನೆಯ ನೇಯ್ಗೆ. ಸೆರಗಿನಲ್ಲಿ ಎಂದೋ ಬಿದ್ದ ಪಾಯಸದ ಕಲೆಯಿದೆ. “ಅಮ್ಮಾ, ಇದನ್ನೂ ಇದರಲ್ಲೇ ಹಾಕೋಣ, ಹೊಸದರ ಹಾಗೆ ಆಗುತ್ತೆ.” ನಾನು ಸೀರೆಯ ಮೇಲೆ ಕೈಯಿಟ್ಟು, ಡಬ್ಬದ ಹಿಂಬದಿಯ ಸಣ್ಣಕ್ಷರವನ್ನು ಮೊಮ್ಮಗನ ಕೈಲಿ ಓದಿಸಿದೆ. ಉಣ್ಣೆಗೂ ರೇಷ್ಮೆಗೂ ಬಳಸಬೇಡಿ ಎಂದಿತ್ತು.

ಕಾರಣ ಆ ಪುಡಿಯಲ್ಲಿರುವ ಕಿಣ್ವಗಳು, ಅಂದರೆ ಎನ್‌ಜೈಮುಗಳು. ನಮ್ಮ ಹೊಟ್ಟೆ ಊಟವನ್ನು ಅರಗಿಸುವುದೂ ಇಂಥವುಗಳಿಂದಲೇ. ಹೊಟ್ಟೆಯ ಈ ವಿದ್ಯೆಯನ್ನು ಬಟ್ಟೆ ಒಗೆಯಲು ಬಳಸಬಹುದೆಂದು ಕಂಡುಕೊಂಡವರು ಒಟ್ಟೊ ರೋಮ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ. 1913ರಲ್ಲಿ ಪೇಟೆಂಟ್ ಪಡೆದರು. ಆಗ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು, ಈಗ ಸೂಕ್ಷ್ಮಜೀವಿಗಳಿಂದ ಮಾಡುತ್ತಾರೆ. ಒಂದು ಕಿಣ್ವ ಗಂಜಿಯ ಕಲೆಯನ್ನು ತುಂಡರಿಸುತ್ತದೆ, ಒಂದು ಜಿಡ್ಡನ್ನು, ಇನ್ನೊಂದು ಹಾಲು, ಮೊಟ್ಟೆ, ರಕ್ತದಂಥ ಪ್ರೋಟೀನನ್ನು. ರೇಷ್ಮೆ ಏನು? ಹುಳು ನೂತ ಪ್ರೋಟೀನು. ಪಾಯಸದ ಹಾಲು ಯಾವುದು, ಸೀರೆ ಯಾವುದು ಎಂದು ಆ ಕಿಣ್ವಕ್ಕೆ ಗೊತ್ತಾಗುವುದಿಲ್ಲ. ಹತ್ತಿ ಪ್ರೋಟೀನಲ್ಲ, ಅದಕ್ಕೆ ಅಪಾಯವಿಲ್ಲ. ಸೀರೆ ಅಂಟುವಾಳದ ನೀರಿಗೆ ಹೋಯಿತು. ಹಿಂಡದೆ ನೆರಳಿನಲ್ಲಿ ಒಣಹಾಕಿದೆವು. ಕಲೆ ಪೂರ್ತಿ ಹೋಗಲಿಲ್ಲ. “ಇರಲಿ ಬಿಡಿ, ಅದು ಇವಳ ನಾಮಕರಣದ ಪಾಯಸ” ಎಂದಳು ಮನೆಯಾಕೆ. ಮೂರನೆಯ ಸ್ಥಾನದ ಅಂಟುವಾಳಕ್ಕೆ ಅವತ್ತು ಮೊದಲ ಬಹುಮಾನ.

ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾಗುವ ಪರೀಕ್ಷೆ ಇನ್ನೂ ಇದೆ. ನನ್ನ ಬಳಿ ನೋಟು ಪರೀಕ್ಷಿಸುವ ಸಣ್ಣ ನೇರಳೆ ದೀಪವೊಂದಿದೆ. ಅದರ ಅತಿನೇರಳೆ ಕಿರಣ ಕಣ್ಣಿಗೆ ಕಾಣುವುದಿಲ್ಲ, ಅದನ್ನು ಕಣ್ಣಿಗೆ ಹಿಡಿಯಲೂ ಬಾರದು. ಕೋಣೆ ಕತ್ತಲು ಮಾಡಿ ಒಗೆದ ತುಂಡುಗಳ ಮೇಲೆ ಬೆಳಕು ಬಿಟ್ಟೆವು. ಅಂಟುವಾಳದ್ದು ಮಂಕಾಗಿ ಕೂತಿತ್ತು. ಎರಡು ಪುಡಿಯ ತುಂಡುಗಳೂ ನೀಲಿಯಾಗಿ ಹೊಳೆದವು. ಒಗೆದ ಬಟ್ಟೆಗೆ ಪುಡಿ ಸದ್ದಿಲ್ಲದೆ ಬಳಿದುಹೋಗುವ ಹೊಳಪು ಅದು. ಬಿಸಿಲಿನಲ್ಲಿರುವ ಕಾಣದ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಬಿಡುತ್ತದೆ, ಬಟ್ಟೆ ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ. ಈ ಗುಣವನ್ನು ಬಟ್ಟೆಗೆ ಮೊದಲು ಬಳಸಿ ನೋಡಿದ್ದು 1929ರಲ್ಲಿ ಪೌಲ್ ಕ್ರೈಸ್ ಎಂಬವರು, ಮರದ ತೊಗಟೆಯ ರಸವೊಂದರಿಂದ. ನಮ್ಮ ಅಮ್ಮಂದಿರು ಪಂಚೆಗೆ ಹಾಕುತ್ತಿದ್ದ ನೀಲಿಯೂ ಕಣ್ಣಿಗೆ ಇಂಥದೇ ಮಂಕುಬೂದಿ. ಹೆಚ್ಚಾದರೆ ಮಾತ್ರ ಗುಟ್ಟು ರಟ್ಟಾಗಿ, ಮೇಷ್ಟರ ಪಂಚೆ ಭೂಪಟವಾಗುತ್ತಿತ್ತು.

ಈ ಹೊಳಪು ಒಮ್ಮೆ ನಮ್ಮ ಬ್ಯಾಂಕಿನಲ್ಲಿ ಒಬ್ಬಾಕೆಯ ವಾರದ ದುಡಿಮೆಯನ್ನೇ ನುಂಗುವುದರಲ್ಲಿತ್ತು. ಇಪ್ಪತ್ತು ವರ್ಷದ ಹಿಂದಿನ ಮಾತು. ಸೊಪ್ಪು ಮಾರುವ ಮುದುಕಿ 500ರ ನೋಟು ಕಟ್ಟಲು ಬಂದಿದ್ದಳು. ಕೌಂಟರಿನಲ್ಲಿದ್ದ ಹೊಸ ಹುಡುಗ ದೀಪದ ಕೆಳಗೆ ಹಿಡಿದರೆ ನೋಟಿಡೀ ಹೊಳೆಯುತ್ತಿದೆ. ಅಸಲಿ ನೋಟಿನ ಕಾಗದ ಹೊಳೆಯಬಾರದು. ಅದರಲ್ಲಿರುವ ಸಣ್ಣ ಎಳೆಗಳು ಮತ್ತು ನಂಬರು ಮಾತ್ರ ಹೊಳೆಯಬೇಕು. ಖೋಟಾ ಎಂದು ತೀರ್ಮಾನವಾದರೆ ನೋಟನ್ನು ಮುಟ್ಟುಗೋಲು ಹಾಕಿಕೊಳ್ಳುತ್ತಾರೆ, ಬದಲಿ ಹಣ ಸಿಗುವುದಿಲ್ಲ. ಹುಡುಗ ಮುದ್ರೆಗೆ ಕೈ ಹಾಕಿದ್ದ. ನಾನು ನೋಟನ್ನು ಈಸಿಕೊಂಡು ಬೆಳಕಿಗೆ ಎತ್ತಿ ನೋಡಿದೆ. ಗಾಂಧೀಜಿಯ ನೀರುಗುರುತು ಇತ್ತು, ಭದ್ರತೆಯ ದಾರ ಇತ್ತು, ಬೆರಳಿಗೆ ಉಬ್ಬು ಅಚ್ಚು ತಗುಲಿತು. “ಅಜ್ಜೀ, ಈ ನೋಟು ನೀರಿಗೆ ಬಿದ್ದಿತ್ತಾ?” ಎಂದೆ. “ನಮ್ಮೆಜಮಾನ್ರ ಅಂಗೀ ಜೇಬಲ್ಲಿತ್ತು ಸ್ವಾಮಿ, ಸೋಪಿನಪುಡೀಲಿ ನೆನೆಹಾಕ್ಬುಟ್ಟಿದ್ದೆ” ಎಂದಳು. ಮ್ಯಾನೇಜರೂ ನೋಡಿದರು. ನೋಟು ಅಸಲಿ, ಹೊಳಪು ಪುಡಿಯದು. ಮುದುಕಿಯ ಖಾತೆಗೆ ಐನೂರು ಸೇರಿತು. ಏನು ನಡೆಯಿತೆಂದು ಆಕೆಗೆ ತಿಳಿಯಲೇ ಇಲ್ಲ, ಯಾಕಿಷ್ಟು ಹೊತ್ತು ಎಂದು ಬೈದುಕೊಂಡೇ ಹೋದಳು.

ಮಗಳು ಪುಡಿಯ ಜೊತೆಗೆ ಇನ್ನೊಂದು ಪೊಟ್ಟಣವನ್ನೂ ತಂದಿದ್ದಳು, ಮಷೀನಿಗೆ ಹಾಕುವ ದ್ರವ ತುಂಬಿದ ಗುಳಿಗೆಗಳದ್ದು. ಇದರ ಬಗ್ಗೆ ತಮಾಷೆ ಮಾಡುವುದಿಲ್ಲ. ಬಣ್ಣ ಬಣ್ಣವಾಗಿ, ಮೆತ್ತಗೆ, ನೋಡಲು ಥೇಟ್ ಜೆಲ್ಲಿ ಮಿಠಾಯಿ. ಕಚ್ಚಿದರೆ ಒಳಗಿನ ಗಟ್ಟಿ ದ್ರವ ಬಾಯಿ, ಗಂಟಲು, ಕಣ್ಣನ್ನು ಸುಡುತ್ತದೆ, ಶ್ವಾಸನಾಳಕ್ಕೂ ಇಳಿಯಬಹುದು. ಯುರೋಪಿನಲ್ಲಿ 2015ರಿಂದ ಇದಕ್ಕೆ ಕಾಯಿದೆ ಇದೆ: ಹೊರಪದರಕ್ಕೆ ಬಾಯಿಗಿಟ್ಟ ಕೂಡಲೇ ಉಗಿಯುವಂಥ ಕಹಿ ಸೇರಿಸಬೇಕು, ಡಬ್ಬ ಒಳಗಿನದು ಕಾಣದಂತಿರಬೇಕು, ಮಗುವಿಗೆ ಸುಲಭವಾಗಿ ತೆಗೆಯಲು ಬರಬಾರದು. ಅಜ್ಜ ಅಜ್ಜಿಯರೇ, ನಿಮ್ಮ ಮನೆಗೂ ಇಂಥದು ಬಂದರೆ ದಯವಿಟ್ಟು ಸ್ಟೀಲ್ ಡಬ್ಬಕ್ಕೆ ಸುರಿದಿಡಬೇಡಿ, ಅದರ ಡಬ್ಬದಲ್ಲೇ ಇರಲಿ, ಬೀಗದೊಳಗೆ ಇರಲಿ. ಯಾವುದಾದರೂ ಮಗು ಕಚ್ಚಿಬಿಟ್ಟರೆ ವಾಂತಿ ಮಾಡಿಸಲು ಹೋಗದೆ, ಬಾಯಿ ತೊಳೆಸಿ, ಡಬ್ಬದ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಿ. ನಮ್ಮ ಮನೆಯ ಪೊಟ್ಟಣ ಪುಟ್ಟ ಮಕ್ಕಳಿಲ್ಲದ ಪಕ್ಕದ ಮನೆಯವರಿಗೆ ಹೋಯಿತು.

ಪುಡಿಯ ಡಬ್ಬದ ಮೇಲೆ ಇನ್ನೊಂದು ಸಾಲಿತ್ತು: ಕೈಯಲ್ಲಿ ಒಗೆದರೆ ಆಮೇಲೆ ಕೈಯನ್ನು ಚೆನ್ನಾಗಿ ತೊಳೆದು ಒರೆಸಿಕೊಳ್ಳಿ, ಚರ್ಮ ಸೂಕ್ಷ್ಮವಾಗಿದ್ದವರು ಹೆಚ್ಚು ಹೊತ್ತು ಅದ್ದಬೇಡಿ. ಇದನ್ನು ಓದಿದ ಮೇಲೆ ಪರೀಕ್ಷೆಯ ಬಕೆಟ್ಟನ್ನು ಕೋಲಿನಿಂದಲೇ ಕಲಕಿದ್ದೆವು. ಬಟ್ಟೆ ಒಗೆಯುವಾಕೆಗೆ, “ಇದನ್ನು ನೀನು ಮುಟ್ಟಬೇಡಮ್ಮ, ಕೈ ಉರಿದೀತು” ಎಂದೆ. ಅವಳು ನಕ್ಕು ಎರಡೂ ಅಂಗೈ ಚಾಚಿದಳು. ಬೆರಳ ಸಂದಿಯೆಲ್ಲ ಬಿರುಕು, ತುದಿಗಳಲ್ಲಿ ಗೆರೆಯೇ ಇಲ್ಲ. “ಯಾವ ಪುಡಿ ಆದ್ರೇನು ಸಾರ್, ನಾಕು ಮನೆ ಒಗೀತೀನಿ, ಉರೀತಾನೇ ಇರ್ತದೆ. ರೇಷನ್ ಅಂಗ್ಡೀಲಿ ಬೆಟ್ಟು ಒತ್ತಿದ್ರೆ ಮಿಷಿನ್ನು ನಂದಲ್ಲ ಅಂತದೆ.”

ನಾನು ಪೆನ್ಷನ್ ಕೌಂಟರಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡವನು. ಬೆರಳಿನ ಗೆರೆ ಅಳಿಸಿದವರ ಪಾಡು ನನಗೆ ಗೊತ್ತು. ಮೂರು ಕಲೆಗೆ ಕಾಲಂ ಹಾಕಿದ ನೋಟ್ ಪುಸ್ತಕದಲ್ಲಿ ಇದಕ್ಕೆ ಕಾಲಂ ಇರಲಿಲ್ಲ.

ಈಗಿನ ವ್ಯವಸ್ಥೆ ಹೀಗಿದೆ. ಜರ್ಮನಿಯ ಪುಡಿ ಮಷೀನಿಗೆ ಮಾತ್ರ, ಅದೂ ಕಾವೇರಿ ನೀರು ಬಂದ ದಿನ, ಮೆದು ನೀರಿನ ಕಾಲಮ್ಮಿನ ಅಳತೆಯಲ್ಲಿ. ಹಾಸಿಗೆ ಹೊದಿಕೆ, ಪಂಚೆ, ಟವೆಲು, ಅಂಗಿಗಳು ಎಲ್ಲ ಅದಕ್ಕೇ ಹೋಗುತ್ತವೆ. ಕೈಯಲ್ಲಿ ಒಗೆಯಲು ಉಳಿದದ್ದು ಸ್ವಲ್ಪ. ಆದರೆ ಆಕೆಯ ಸಂಬಳ ಕಡಿಮೆ ಮಾಡಿಲ್ಲ, ಅದರಲ್ಲಿ ಮನೆಯಾಕೆ ಬಹಳ ಕಟ್ಟುನಿಟ್ಟು. ಎರಡು ಜೊತೆ ರಬ್ಬರಿನ ಕೈಗವಸು ತಂದುಕೊಟ್ಟೆ. ಮೊದಲ ದಿನ “ಸೋಪು ಜಾರ್ತದೆ ಸಾರ್” ಎಂದು ಬಿಚ್ಚಿಟ್ಟಳು. ಮನೆಯಾಕೆ ಕೆಲಸ ಮುಗಿದ ಮೇಲೆ ಹಚ್ಚಿಕೊಳ್ಳಲು ಕೊಬ್ಬರಿ ಎಣ್ಣೆಯ ಬಟ್ಟಲನ್ನು ಒಗೆಯುವ ಕಲ್ಲಿನ ಪಕ್ಕ ಇಟ್ಟಳು. ಎರಡನೆಯ ವಾರಕ್ಕೆ ಗವಸು ಅಭ್ಯಾಸವಾಯಿತು. ಒಂದು ಜೊತೆ ನಮ್ಮ ಮನೆಯ ಮೊಳೆಗೆ ತೂಗುತ್ತಿದೆ. ಇನ್ನೊಂದನ್ನು ಉಳಿದ ಮೂರು ಮನೆಗೆಂದು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಾಳೆ.

ಮೊನ್ನೆ ಮಗಳು ಫೋನು ಮಾಡಿ, ಮುಂದಿನ ಸಲ ಏನು ತರಲಿ ಎಂದು ಕೇಳಿದಳು. ಅಲ್ಲಿ ಗಟ್ಟಿಯಾದ ಕೈಗವಸು ಸಿಗುತ್ತದಂತೆ, ಒಳಗೆ ಹತ್ತಿಯ ಪದರವಿರುವಂಥದ್ದು. ಅಳತೆ ಕಳಿಸಿದ್ದೇವೆ.